ಶಿಕಾರಿಪುರದಲ್ಲಿ ಒಂದು ತೊಟ್ಟಿ ಸಮುದ್ರ

ಮೀನಿನ ತೊಟ್ಟಿ ಕೂರಿಸುವ ಕೆಲಸ ಕಲಿಯಬೇಕೆಂದಿರುವ ಹೊಸಬರು ಆಗಾಗ ನನಗೆ ಫೋನು ಮಾಡುತ್ತಾರೆ. ಮೊದಲ ಪ್ರಶ್ನೆ ತಪ್ಪದೆ ಒಂದೇ: "ಸಾರ್, ಉಪ್ಪುನೀರಿನ ಟ್ಯಾಂಕ್ ಹೆಂಗೆ ಶುರು ಮಾಡೋದು?" ಎರಡನೆಯದು, "ನಾಳೆಗೆ ಆಗ್ತದಾ?" ಎರಡನೆಯ ಪ್ರಶ್ನೆ ಕೇಳಿದವರಿಗೆ ನಾನು ಗಪ್ಪಿ ಮೀನು ಸಾಕಲು ಹೇಳುತ್ತೇನೆ. ಅಷ್ಟು ತಾಳ್ಮೆಯೂ ಇಲ್ಲದವರಿಗೆ ಬ್ಯಾಟರಿ ಹಾಕಿದ ಪ್ಲಾಸ್ಟಿಕ್ ಮೀನು ಸಿಗುತ್ತದೆ, ಅದು ಸಾಯುವುದೂ ಇಲ್ಲ ಎನ್ನುತ್ತೇನೆ. ಫೋನಿನಲ್ಲಿ ಹೇಳಿ ಹೇಳಿ ಬಾಯಿ ಒಣಗಿದ್ದರಿಂದ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ನನ್ನ ಅಂಗಡಿ ಇದ್ದದ್ದು ಸೊರಬದಲ್ಲಿ, ಬಸ್ ನಿಲ್ದಾಣದಿಂದ ಕೂಗಳತೆ ದೂರದಲ್ಲಿ. ಈಗ ಅದನ್ನು ತಂಗಿಯ ಮಗಳು ನಡೆಸುತ್ತಾಳೆ. ನನ್ನ ಮಂಡಿಗಳು ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದವು. ತೊಟ್ಟಿಯ ಕೆಳಗೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಈ ಕೆಲಸದಲ್ಲಿ ಬಡ್ತಿ ಅಂತ ಏನೂ ಇಲ್ಲ. ಗಾಜು ತೊಳೆಯುವವನಾಗಿ ಸೇರುತ್ತೀರಿ, ಕನ್ನಡಕ ಹಾಕಿಕೊಂಡು ಗಾಜು ತೊಳೆಯುವವನಾಗಿ ಬಿಡುತ್ತೀರಿ. ನಡುವೆ ಶಿರಾಳಕೊಪ್ಪ, ಶಿಕಾರಿಪುರ, ಜಡೆ ಎಂದು ಮುಚ್ಚಳ ಹಾಕಿದ ಬಕೆಟ್ಟು ಹಿಡಿದು ಬಸ್ಸಿನಲ್ಲಿ ತಿರುಗುತ್ತೀರಿ. ಒಳಗೇನಿದೆ ಎಂದು ಪಕ್ಕದ ಸೀಟಿನವರು ಕೇಳುತ್ತಾರೆ. ಮೀನು ಎಂದರೆ ಕೆಲವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ, ಕೆಲವರು ಕೆಜಿ ಎಷ್ಟು ಎನ್ನುತ್ತಾರೆ.

ನಮ್ಮದು ಮೀನು ಮಾಂಸ ಮುಟ್ಟದ ಮನೆ. ಮೀನಿನಿಂದಲೇ ಬದುಕಿದ ನಾನು ಈವತ್ತಿನವರೆಗೂ ಮೀನಿನ ರುಚಿ ಕಂಡವನಲ್ಲ. ಮದುವೆಯಾದ ಹೊಸತರಲ್ಲಿ ನಮ್ಮ ಮಾವನವರು ನೆಂಟರಿಗೆ ನನ್ನನ್ನು ತೋರಿಸಿ, "ಅಳಿಯಂದ್ರದ್ದು ಗಾಜಿನ ವ್ಯಾಪಾರ" ಎನ್ನುತ್ತಿದ್ದರು. ಮೀನಿಗೆ ಹಾಕುವ ಹೆಪ್ಪುಗಟ್ಟಿಸಿದ ಸಿಗಡಿಯ ಚೂರುಗಳನ್ನು ಮನೆಯ ಫ್ರಿಜ್ಜಿನಲ್ಲಿ ಇಟ್ಟ ದಿನ ನನ್ನ ಹೆಂಡತಿ ಫ್ರಿಜ್ಜನ್ನೇ ಎತ್ತಿಸಿ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ಇಡಿಸಿದಳು. ಅಡುಗೆಮನೆಗೆ ಹೊಸ ಫ್ರಿಜ್ಜು ಬಂತು.

ನಾನು ಕೆಲಸ ಕಲಿತದ್ದು ಶಿವಮೊಗ್ಗದ ಒಂದು ಅಂಗಡಿಯಲ್ಲಿ. ಅಲ್ಲಿನ ಯಜಮಾನರೇ ನನ್ನ ಜೀವಮಾನದ ಏಕೈಕ ಮೇಲಧಿಕಾರಿ. ಆಗ ನೀರು ಪರೀಕ್ಷೆ ಮಾಡುವ ಬಾಟಲಿ, ಬಣ್ಣದ ಚೀಟಿ ಯಾವುದೂ ನಮ್ಮ ಕಡೆ ಬಂದಿರಲಿಲ್ಲ. ಯಜಮಾನರು ತೊಟ್ಟಿಯೊಳಗೆ ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿ, ಸೂರು ನೋಡುತ್ತ ಸ್ವಲ್ಪ ಹೊತ್ತು ನಿಂತು, "ಇನ್ನೂ ಎರಡು ದಿನ ಬಿಡು" ಎನ್ನುತ್ತಿದ್ದರು. ಯಾವ ತೊಟ್ಟಿಗೂ ಅದೇ ಮಾತು. ಅವರ ನಾಲಿಗೆಗೆ ಏನು ಗೊತ್ತಾಗುತ್ತದೋ ಎಂದು ನಾನೂ ಕದ್ದು ಕದ್ದು ನೆಕ್ಕಿ ನೋಡಿ ಒಂದು ವಾರ ಹೊಟ್ಟೆ ಕೆಡಿಸಿಕೊಂಡೆ. ಕೊನೆಗೊಂದು ದಿನ ಅವರೇ ಹೇಳಿದರು, ನಶ್ಯ ಏರಿಸಿ ಏರಿಸಿ ಅವರಿಗೆ ಬಾಯಿರುಚಿ ಹೋಗಿ ಬಹಳ ವರ್ಷಗಳಾಗಿದ್ದವಂತೆ. "ಮತ್ತೆ ನೆಕ್ಕೋದು ಎಂತಕ್ಕೆ?" ಎಂದೆ. "ನೆಕ್ಕದೇ ಹೇಳಿದ್ರೆ ಗಿರಾಕಿ ಕಾಯಲ್ಲ" ಎಂದರು. ಈಗ ಪರೀಕ್ಷೆಯ ಬಾಟಲಿಗಳು ಬಂದಿವೆ, ಹುಡುಗರು ನೀರಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಆದರೂ ನಾನು ಕೊಡುವ ಉತ್ತರ ಯಜಮಾನರದ್ದೇ.

ಗಿರಾಕಿಗಳ ಪ್ರೀತಿಯಿಂದ ಸತ್ತಷ್ಟು ಮೀನು ರೋಗದಿಂದ ಸತ್ತಿಲ್ಲ. ಹೊಸಬಾಳೆಯ ಒಬ್ಬ ಗೃಹಸ್ಥರು ದೀಪಾವಳಿಗೆ ಮನೆಮಂದಿಗೆಲ್ಲ ಎಣ್ಣೆಸ್ನಾನ ಆಯಿತು, ಇವು ಏನು ಪಾಪ ಮಾಡಿವೆ ಎಂದು ತೊಟ್ಟಿಗೆ ಒಂದು ತಂಬಿಗೆ ಬಿಸಿನೀರು ಹೊಯ್ದು, ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ನನಗೆ ಫೋನು ಮಾಡಿದ್ದು ಮೀನು ಸತ್ತವೆಂದು ಹೇಳಲಿಕ್ಕಲ್ಲ, ಎಣ್ಣೆಯ ಜಿಡ್ಡು ಗಾಜಿನಿಂದ ಹೋಗುತ್ತಿಲ್ಲ, ಸೀಗೆಪುಡಿ ಹಾಕಬಹುದೇ ಎಂದು ಕೇಳಲಿಕ್ಕೆ. ಮೀನು ಸತ್ತದ್ದು ಆ ಎಣ್ಣೆಸ್ನಾನದಿಂದಲೇ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಇಂಥ ಕೆಲಸದಲ್ಲಿ ಮುದುಕನಾಗಿ, ಇನ್ನೇನು ಅಂಗಡಿ ಒಪ್ಪಿಸಿಬಿಡಬೇಕು ಎಂದಿರುವಾಗ ಶಿಕಾರಿಪುರದ ಶಿವಲಿಂಗಪ್ಪನವರು ಬಂದರು. ಅವರದು ಅಲ್ಲಿ ದೊಡ್ಡ ಬಟ್ಟೆ ಅಂಗಡಿ. ಗೋವಾಕ್ಕೆ ಹೋಗಿದ್ದಾಗ ಹೋಟೆಲ್ಲಿನಲ್ಲಿ ಸಮುದ್ರದ ಮೀನಿನ ತೊಟ್ಟಿ ನೋಡಿ, ಜೊತೆಗೆ ಹೋದವರೆಲ್ಲ ಬೀಚಿನಲ್ಲಿದ್ದರೆ ಇವರು ಎರಡು ದಿನವೂ ಅದರ ಮುಂದೆಯೇ ಕೂತಿದ್ದರಂತೆ.

"ಅಣ್ಣಾರೆ, ಕಿತ್ತಳಿ ಬಣ್ಣದ್ದು, ಮೈ ಮ್ಯಾಲೆ ಬಿಳಿ ಪಟ್ಟಿ ಇರ್ತಾವಲ್ಲ, ಆ ಮೀನು ನಮ್ಮ ಮನಿಯಾಗೆ ಬದುಕ್ತಾವೇನ್ರಿ?" ಎಂದು ಕೇಳಿದರು.

"ಬದುಕ್ತವೆ. ಆದ್ರೆ ಮೀನಿನ ಜೊತೆ ಸಮುದ್ರನೂ ಇಟ್ಕೊಬೇಕಾಗ್ತದೆ ಮಾರಾಯ್ರೆ."

"ಜಾಗ ಐತ್ರಿ, ಪಡಸಾಲಿ ದೊಡ್ಡದೈತಿ" ಎಂದರು.

ನಿಜ ಹೇಳಬೇಕೆಂದರೆ ನಾನೂ ಅಲ್ಲಿಯತನಕ ಉಪ್ಪುನೀರಿನ ತೊಟ್ಟಿ ಮಾಡಿದವನಲ್ಲ. ತಲೆಗೂದಲು ನರೆತ ಮೇಲೆ ಒಂದನೇ ಕ್ಲಾಸಿಗೆ ಹೋಗಿ ಕೂತ ಹಾಗಾಯಿತು. ಮಂಗಳೂರಿನಲ್ಲಿ ಸಮುದ್ರದ ಮೀನು ತರಿಸಿ ಮಾರುವ ವ್ಯಾಪಾರಿಯೊಬ್ಬರ ನಂಬರು ಹಿಡಿದು ದಿನಕ್ಕೆ ಎಷ್ಟೋ ಸಲ ಫೋನು ಮಾಡಿದೆ. ಕೊನೆಕೊನೆಗೆ ಅವರು "ಹಲೋ" ಎನ್ನುವುದು ಬಿಟ್ಟು "ಇನ್ನೆಂತದು?" ಎಂದೇ ಫೋನು ಎತ್ತುತ್ತಿದ್ದರು. ಅವರು ಹೇಳಿದ ಮೊದಲ ಮಾತು ನಿಮಗೂ ಹೇಳುತ್ತೇನೆ. ಹೊಸಬರು ಸಣ್ಣ ತೊಟ್ಟಿಯಿಂದ ಶುರು ಮಾಡೋಣ ಎಂದುಕೊಳ್ಳುತ್ತಾರೆ. ಉಪ್ಪುನೀರಿಗೆ ಅದು ತಿರುಗುಮುರುಗು. ನೀರು ಹೆಚ್ಚಿದ್ದಷ್ಟೂ ನಮ್ಮ ತಪ್ಪನ್ನು ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಸಣ್ಣ ತೊಟ್ಟಿಯಲ್ಲಿ ಬೆಳಿಗ್ಗೆ ಮಾಡಿದ ತಪ್ಪು ಮಧ್ಯಾಹ್ನ ತೇಲುತ್ತದೆ.

ತೊಟ್ಟಿ ಕೂರಿಸಲು ಹೋದ ದಿನ ಶಿವಲಿಂಗಪ್ಪನವರು ಒಂದು ಮೂಟೆ ಕಲ್ಲುಪ್ಪು ತರಿಸಿಟ್ಟಿದ್ದರು. "ಉಪ್ಪು ಉಪ್ಪೇ ಅಲ್ಲೇನ್ರಿ?" ಎಂಬುದು ಅವರ ವಾದ. ಅಲ್ಲ. ಸಮುದ್ರದ ನೀರಿನಲ್ಲಿ ನಮ್ಮ ಸಾರಿಗೆ ಹಾಕುವ ಉಪ್ಪಿನ ಜೊತೆ ಇನ್ನೂ ಎಷ್ಟೋ ಲವಣಗಳಿರುತ್ತವೆ, ಅವೆಲ್ಲ ಬೆರೆಸಿದ ಪುಡಿ ಡಬ್ಬದಲ್ಲಿ ಸಿಗುತ್ತದೆ, ಅದೇ ಬೇಕು ಎಂದೆ. ಅದರ ಬೆಲೆ ಕೇಳಿ ಅವರಿಗೆ ಬೇರೆ ಉಪಾಯ ಹೊಳೆಯಿತು. ನನಗೆ ತಿಳಿಸದೆ ಹೊನ್ನಾವರಕ್ಕೆ ಗಾಡಿ ಕಳಿಸಿ ಕ್ಯಾನುಗಳ ತುಂಬ ಸಮುದ್ರವನ್ನೇ ತರಿಸಿಬಿಟ್ಟರು. ಕ್ಯಾನುಗಳು ಮೊದಲು ಡೀಸೆಲ್ಲಿನವು. ವಾಸನೆ ನೋಡಿ ನಾನು ಬೇಡವೇ ಬೇಡ ಎಂದಾಗ, ಅಷ್ಟೂ ನೀರನ್ನು ಮನೆಯ ಮುಂದಿನ ದಾಸವಾಳದ ಬುಡಕ್ಕೆ ಸುರಿದರು. ನಾಲ್ಕೇ ದಿನಕ್ಕೆ ದಾಸವಾಳ ಒಣಗಿ ನಿಂತಿತು.

ಆ ದಾಸವಾಳ ಶಿವಲಿಂಗಪ್ಪನವರ ತಾಯಿಯದು. ಅವರನ್ನು ಊರೆಲ್ಲ ಗೌರಜ್ಜಿ ಎನ್ನುತ್ತಿದ್ದರಿಂದ ನನಗೂ ಗೌರಜ್ಜಿಯೇ. ದಿನಾ ಪೂಜೆಗೆ ಆ ಗಿಡದ ಹೂವೇ ಆಗಬೇಕು ಅವರಿಗೆ. ಪಡಸಾಲೆಯ ಮಂಚದ ಮೇಲೆ ಕೂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನೇ ಏನಪ್ಪ ಸಮುದ್ರದಾವ?" ಎಂದರು.

ಅಂತೂ ಡಬ್ಬದ ಉಪ್ಪು ಬಂತು. ಶುದ್ಧ ನೀರಿನ ಘಟಕದಿಂದ ಫಿಲ್ಟರ್ ನೀರಿನ ಕ್ಯಾನುಗಳು ಬಂದವು. ಡ್ರಮ್ಮಿನಲ್ಲಿ ಉಪ್ಪು ಕರಗಿಸಿ, ಒಂದು ದಿನ ಮೋಟರಿನಲ್ಲಿ ತಿರುವಿ, ಉಪ್ಪಿನ ಅಳತೆ ಸರಿಯಿದೆಯೆಂದು ನೋಡಿಯೇ ತೊಟ್ಟಿಗೆ ತುಂಬಿಸಿದೆ. ಮರಳು ಹಾಸಿ, ಸಮುದ್ರದ ತೂತುಗಲ್ಲುಗಳನ್ನು ಜೋಡಿಸಿ ಗುಹೆಯ ಹಾಗೆ ಮಾಡಿದೆ. ದೀಪ ಹಾಕಿದ ಕೂಡಲೇ ಶಿವಲಿಂಗಪ್ಪನವರು ಕೈ ಉಜ್ಜಿಕೊಂಡು, "ಮೀನು ಎಲ್ಲಿ?" ಎಂದರು. ನಿಜವಾದ ಕಷ್ಟ ಶುರುವಾಗುವುದು ಇಲ್ಲಿಂದ.

ಹೊಸ ತೊಟ್ಟಿಗೆ ಕೂಡಲೇ ಮೀನು ಬಿಟ್ಟರೆ ಅದರ ಹೊಲಸೇ ಅದಕ್ಕೆ ವಿಷವಾಗುತ್ತದೆ. ಆ ವಿಷವನ್ನು ತಿಂದು ಅರಗಿಸುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ, ಮರಳಿನಲ್ಲಿ ಮೊದಲು ಬೆಳೆಯಬೇಕು. ಹಾಲಿಗೆ ಹೆಪ್ಪು ಹಾಕಿ ಮೊಸರಾಗಲು ಕಾಯುವುದಿಲ್ಲವೇ, ಹಾಗೆ. ಮೊಸರಿಗೆ ಒಂದು ರಾತ್ರಿ ಸಾಕು, ಇದಕ್ಕೆ ವಾರಗಟ್ಟಲೆ ಬೇಕು. ಜೊತೆಗೆ ಆ ಜೀವಿಗಳಿಗೂ ತಿನ್ನಲು ಏನಾದರೂ ಕೊಡಬೇಕು. ಮಂಗಳೂರಿನವರು, "ಒಂದು ಸಿಗಡಿ ಹಾಕಿ ಕೊಳೆಯಲಿಕ್ಕೆ ಬಿಡಿ" ಎಂದರು. ನಾನು ಮಂಚದ ಮೇಲಿದ್ದ ಗೌರಜ್ಜಿಯನ್ನು ನೋಡಿದೆ. ಅವರ ಎದೆಯ ಮೇಲೆ ಇಷ್ಟಲಿಂಗ, ಹಣೆಯ ತುಂಬ ವಿಭೂತಿ. ಅವರ ಪಡಸಾಲೆಯಲ್ಲಿ ಸಿಗಡಿ ಕೊಳೆಸಿದರೆ ಮೊದಲು ನಾನೇ ಮನೆಯಿಂದ ಹೊರಗೆ ಬೀಳುತ್ತಿದ್ದೆ. ಕೊನೆಗೆ ದಾರಿ ಕಂಡಿತು. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೆಯಲ್ಲ, ಅದೂ ಅದೇ ಕೆಲಸ ಮಾಡುತ್ತದೆ. ಕಲಾಯಿ ಹಾಕುವವರ ಹತ್ತಿರ ಒಂದು ಚಿಟಿಕೆ ಇಸಿದುಕೊಂಡು ಬಂದೆ. ಈಗ ಟ್ಯಾಂಕಿಗೆಂದೇ ಶುದ್ಧವಾದದ್ದು ಬಾಟಲಿಯಲ್ಲಿ ಸಿಗುತ್ತದೆ, ನೀವು ಅದನ್ನೇ ತನ್ನಿ.

ಆಮೇಲೆ ಆ ಮನೆಗೆ ಬಂದವರೆಲ್ಲ ಮೀನಿಲ್ಲದ ತೊಟ್ಟಿಯ ಮುಂದೆ ಕೂತು ಹೋದರು. ಶಿವಲಿಂಗಪ್ಪನವರು ಬಟ್ಟೆ ಅಂಗಡಿಯಲ್ಲಿ ಊರಿಗೆಲ್ಲ ಸಾರಿಬಿಟ್ಟಿದ್ದರು, ತಡೆಯಲು ಆಗುವಂತಿರಲಿಲ್ಲ. ಜನ ಬರುವರು, ಚಹಾ ಕುಡಿಯುವರು, ಬರೀ ಕಲ್ಲು ನೀರು ನೋಡಿ, "ಭಾಳ ಚೆಂದ ಐತ್ರಿ" ಎನ್ನುವರು. ಜಡೆಯಿಂದ ಬಂದ ಒಬ್ಬರಂತೂ ಮರ್ಯಾದೆಗೆ, "ಆ ಮೂಲಿಯಾಗೆ ಒಂದು ಕೆಂಪಂದು ಸರದಂಗಾತು" ಎಂದರು. ಶಿವಲಿಂಗಪ್ಪನವರೂ ಸಂಕೋಚದಿಂದ, "ಹೌದ್ರಿ, ಅದು ಸ್ವಲ್ಪ ನಾಚ್ಕಿ ಸ್ವಭಾವದ್ದು" ಎಂದರಂತೆ. ಗೌರಜ್ಜಿ ಮಾತ್ರ ಯಾರ ಮುಲಾಜೂ ಇಟ್ಟುಕೊಳ್ಳಲಿಲ್ಲ. "ನನ್ನ ಮಗ ಕಲ್ಲಿಗೆ ಕರೆಂಟು ಹಾಕ್ಯಾನ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ವಾರಕ್ಕೊಮ್ಮೆ ಹೋಗಿ ನೀರು ಪರೀಕ್ಷಿಸಿ, ಸೂರು ನೋಡುತ್ತ ಸ್ವಲ್ಪ ಹೊತ್ತು ನಿಂತು, "ಇನ್ನೂ ಎರಡು ದಿನ" ಎಂದು ಬರುತ್ತಿದ್ದೆ.

ಕೊನೆಗೆ ಪರೀಕ್ಷೆಯಲ್ಲಿ ವಿಷದ ಬಣ್ಣ ಬರುವುದು ನಿಂತಿತು. ಕಿತ್ತಳೆ ಬಣ್ಣದ ಜೋಡಿ ಮೀನು ಬಂದವು. ಶಿವಲಿಂಗಪ್ಪನವರ ಕಣ್ಣಲ್ಲಿ ನೀರು ಬಂತು. ಇನ್ನೂ ಹತ್ತು ಮೀನು ಬಿಡೋಣ ಎಂದರು, ನಾನು ಬಿಡಲಿಲ್ಲ. ಹೊಸಬರು ಇದನ್ನು ಗಟ್ಟಿಯಾಗಿ ನೆನಪಿಡಿ: ಎರಡು ಮೀನು ಹಾಕಿ, ಬಾಯಿ ಮುಚ್ಚಿಕೊಂಡು ಮತ್ತೆ ಕಾಯಿರಿ. ಅವು ಚೆನ್ನಾಗಿವೆ ಎಂದು ಖಾತ್ರಿಯಾದ ಮೇಲೆ ನಾನು ಮೂರನೆಯ ಜೀವವನ್ನು ತಂದೆ. ಅದು ತೊಟ್ಟಿ ಚೊಕ್ಕಟ ಮಾಡುವ ಜಾತಿಯ ಸಿಗಡಿ. ಕೆಂಪು ಮೈ, ಬೆನ್ನ ಉದ್ದಕ್ಕೂ ಒಂದು ಬಿಳಿ ಗೆರೆ, ಉದ್ದನೆಯ ಬಿಳಿ ಮೀಸೆಗಳು. ಬೇರೆ ಮೀನುಗಳ ಮೈಮೇಲಿನ ಕೊಳೆ ಹೆಕ್ಕಿ ತಿನ್ನುವುದೇ ಅದರ ಉದ್ಯೋಗ.

ಗೌರಜ್ಜಿ ಮಂಚದಿಂದ ಇಳಿದು ಬಂದು ತೊಟ್ಟಿಯ ಹತ್ತಿರ ಮೊದಲ ಸಲ ನಿಂತದ್ದು ಅವತ್ತು. ಬಿಳಿ ಗೆರೆ ನೋಡಿದರು. "ವಿಭೂತಿ ಧರಿಸಿ ಬಂದೈತಲ್ಲೋ" ಎಂದರು. ಶಿವಲಿಂಗಪ್ಪನವರ ಹೆಂಡತಿ ನಿರ್ಮಲಕ್ಕ ಹಿಂದಿನಿಂದ ನನಗೆ ಸನ್ನೆ ಮಾಡಿದರು, ಏನೂ ಮಾತಾಡಬೇಡಿ ಎಂದು. ಆ ದಿನವೇ ಅದಕ್ಕೆ ಸಿದ್ದವ್ವ ಎಂದು ಹೆಸರಾಯಿತು. ಅಜ್ಜಿ ಕೈ ತೊಳೆದು ಬೆರಳನ್ನು ನೀರಿಗೆ ಇಳಿಬಿಟ್ಟರೆ ಸಿದ್ದವ್ವ ಬಂದು ಪುಟ್ಟ ಕೈಗಳಿಂದ ಉಗುರಿನ ಸಂದಿ ಚೊಕ್ಕಟ ಮಾಡುತ್ತಿತ್ತು. "ಈ ವಯಸ್ಸಿನಾಗೆ ನನ್ನ ಉಗುರು ನೋಡೋರು ಯಾರದಾರಪ್ಪ" ಎಂದು ಅಜ್ಜಿ ಬಂದವರಿಗೆ ತೋರಿಸುತ್ತಿದ್ದರು. ಸಿದ್ದವ್ವ ತಿನ್ನುವುದೇನು ಎಂದು ಕೇಳಿದಾಗ ನಿರ್ಮಲಕ್ಕ ಗುಳಿಗೆಯ ಡಬ್ಬ ತೋರಿಸಿ, "ಟಾನಿಕ್ ಮಾತ್ರಿ ಅತ್ತಿ" ಎಂದರು. ಆ ಗುಳಿಗೆ ಏತರಿಂದ ಮಾಡಿದ್ದು ಎಂಬುದು ಡಬ್ಬದ ಮೇಲೆ ಇಂಗ್ಲಿಷಿನಲ್ಲಿತ್ತು, ಅಲ್ಲಿಗೇ ಇರಲಿ.

ಇನ್ನು ತೊಟ್ಟಿಯ ನೀರು ಆವಿಯಾಗಿ ಇಳಿಯುತ್ತದೆ. ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ದಿನಾ ಬರೀ ಸಿಹಿನೀರನ್ನು, ಅದೂ ಫಿಲ್ಟರ್ ನೀರನ್ನು ಮಾತ್ರ ಸೇರಿಸಬೇಕು. ನಿರ್ಮಲಕ್ಕನಿಗೆ ನಾನು ಒತ್ತಿ ಹೇಳಿದ್ದು ಎರಡು ಮಾತು: ಕ್ಯಾನಿನ ನೀರೇ ಹಾಕಿ, ತಾಮ್ರದ ಪಾತ್ರೆ ಮಾತ್ರ ತೊಟ್ಟಿಯ ಹತ್ತಿರ ಸುಳಿಯಬಾರದು. ತಾಮ್ರ ಮೀನಿಗೆ ಔಷಧಿಯಾದರೂ ಸಿಗಡಿಯ ಜಾತಿಗೆ ವಿಷ, ಎಳ್ಳಷ್ಟು ಸಾಕು. ಅವರು ತಲೆಯಾಡಿಸಿದರು. ನಾನು ಸೊರಬಕ್ಕೆ ಬಂದು, ಇದೇ ನನ್ನ ಕೊನೆಯ ಕೆಲಸ, ಹೆಸರು ಉಳಿಯಿತು ಎಂದು ನೆಮ್ಮದಿಯಾಗಿದ್ದೆ.

ಒಂದು ಬೆಳಿಗ್ಗೆ ಶಿವಲಿಂಗಪ್ಪನವರ ಫೋನು ಬಂತು. ದನಿ ಕುಗ್ಗಿತ್ತು. "ಅಣ್ಣಾರೆ, ಸಿದ್ದವ್ವ ಹೋಗಿಬಿಟ್ಲು. ಗಾಜಿನ ಹತ್ರ ಮಲಗಿದಂಗೆ ಬಿದ್ದಿದ್ಲು."

ನನಗೆ ಥಟ್ಟನೆ ಅನುಮಾನ ಬಂತು. ಸಿಗಡಿ ಬೆಳೆಯುವಾಗ ಮೈಮೇಲಿನ ಚಿಪ್ಪನ್ನು ಇಡಿಯಾಗಿ ಕಳಚುತ್ತದೆ. ಮೀಸೆ, ಕಾಲು, ಕಣ್ಣಿನ ಮೇಲಿನ ಪೊರೆ ಸಮೇತ ಥೇಟು ಸತ್ತ ಸಿಗಡಿಯ ಹಾಗೇ ಬಿದ್ದಿರುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಸಿಗಡಿ ಕಲ್ಲಿನ ಸಂದಿಯಲ್ಲಿ ಅಡಗಿ ಕೂರುತ್ತದೆ.

"ಒಳಗೆ ಟೊಳ್ಳಿತ್ತಾ ನೋಡಿದ್ರಾ?" ಎಂದೆ.

"ಸತ್ತೋರ ಒಳಗೆ ಏನೈತಿ ಅಂತ ಬಿಚ್ಚಿ ನೋಡ್ತಾರೇನ್ರಿ ಅಣ್ಣಾರೆ?"

"ಹಂಗಾದ್ರೆ ಈಗ ನೋಡಿ."

"ಮಣ್ಣಾತ್ರಿ. ಹಿತ್ತಲದಾಗೆ, ಬಿಲ್ವಪತ್ರಿ ಗಿಡದ ಕೆಳಗೆ. ನಮ್ಮ ಪದ್ಧತಿಯಂಗೆ ಕೂರಿಸೇ ಇಡಬೇಕು ಅಂದ್ಲು ಅವ್ವ. ಅದು ಕೂಡವಲ್ದು. ಕಡಿಗೆ ಒಂದು ಬೆಂಕಿಪೊಟ್ಟಣಕ್ಕೆ ಒರಗಿಸಿ ಕೂರಿಸಿದ್ವಿ. ಅಯ್ಯನೋರನ್ನೂ ಕರಸ್ತೀನಿ ಅಂದ್ಲು, ನಾನು ಕೈ ಮುಗದೆ."

"ಅದು ಪೊರೆ ಇರಬಹುದು, ಎರಡು ದಿನ ತಡೆಯಿರಿ" ಎಂದೆ. 

ಅವರು ಫೋನನ್ನು ಅಜ್ಜಿಯ ಕಡೆ ಹಿಡಿದರು. "ಪೊರಿ ಬಿಡೋದು ಹಾವು. ನನಗೆ ಸುಳ್ಳು ಸಮಾಧಾನ ಹೇಳಬ್ಯಾಡ ತಮ್ಮಾ" ಎಂಬ ದನಿ ಕೇಳಿತು. ಅಜ್ಜಿ ಊಟ ಬಿಟ್ಟಿದ್ದರು. ಮೂರನೇ ದಿನದ ಹಾಲುತುಪ್ಪ ಮುಗಿದ ಕೂಡಲೇ ತೊಟ್ಟಿ ಮನೆಯಿಂದ ಹೊರಗೆ ಹೋಗಬೇಕು, ನಾನೇ ಬಂದು ತೆಗೆಯಬೇಕು ಎಂದು ಅಪ್ಪಣೆಯಾಯಿತು. ತೊಟ್ಟಿ ತೆಗೆದರೆ ಆ ಜೋಡಿ ಮೀನು ಎಲ್ಲಿಗೆ ಹೋಗಬೇಕು? ಎರಡು ತಾಲ್ಲೂಕಿನಲ್ಲಿ ಬೇರೆ ಉಪ್ಪುನೀರು ಇರಲಿಲ್ಲ. ಗುಡವಿ ಪಕ್ಷಿಧಾಮದ ಹಕ್ಕಿಗಳಿಗೆ ಹಾಕಿ ಎಂದು ಬಸ್ಸಿನಲ್ಲಿ ಒಬ್ಬರು ಸಲಹೆ ಕೊಟ್ಟರು. ಅವರ ಜೊತೆ ನಾನು ಶಿರಾಳಕೊಪ್ಪದವರೆಗೂ ಮಾತಾಡಲಿಲ್ಲ.

ನಾನು ಹೋದಾಗ ಮನೆಯವರು ಹಿತ್ತಲಿನಲ್ಲಿ ಹಾಲುತುಪ್ಪ ಎರೆದು ಬಂದಿದ್ದರು. ಅಡುಗೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಪಡಸಾಲೆಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ. ತೊಟ್ಟಿಯ ಪಕ್ಕದಲ್ಲಿ ಥಳಥಳ ಬೆಳಗಿಟ್ಟ ತಾಮ್ರದ ಕೊಡ ಇತ್ತು.

"ಈ ಕೊಡ ಇಲ್ಲಿ ಎಂತಕ್ಕೆ?" ಎಂದು ಶಿವಲಿಂಗಪ್ಪನವರನ್ನು ಕೇಳಿದೆ.

"ಅವ್ವ ದಿನಾ ಅದರ ನೀರೇ ಹಾಕಸ್ತಿದ್ಲು. ಪ್ಲಾಸ್ಟಿಕ್ ಕ್ಯಾನಿನ ನೀರು ಸಿದ್ದವ್ವಗೆ ಒಳ್ಳೇದಲ್ಲ, ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೇದು ಅಂತ."

ಹಾಗಾದರೆ ಅದು ಪೊರೆಯಲ್ಲ. ಸಿದ್ದವ್ವ ನಿಜವಾಗಿಯೂ ಸತ್ತಿದೆ, ಕೊಂದದ್ದು ಅಜ್ಜಿಯ ಅಕ್ಕರೆ. ಈ ಮಾತನ್ನು ಅವರ ಮುಂದೆ ಹೇಗೆ ಹೇಳಲಿ? ಹೇಳುವುದೇ ಬೇಡ ಎಂದುಕೊಂಡು, ನೀರು ಖಾಲಿ ಮಾಡಲು ಚೀಲದಿಂದ ಪೈಪು ತೆಗೆದೆ. ಗಾಳಿ ಬಿಡಲು ಇಟ್ಟುಕೊಂಡಿದ್ದ ಕಡ್ಡಿಯಂಥ ಸಣ್ಣ ಪೈಪು ಅದು. ಆ ಜೋಡಿ ಮೀನಿಗೆ ಅಷ್ಟು ಹೊತ್ತಾದರೂ ಸಿಗಲೆಂದು ದೊಡ್ಡದನ್ನು ಬೇಕೆಂದೇ ಚೀಲದಲ್ಲಿ ಬಿಟ್ಟೆ. ನೀರು ತೊಟತೊಟ ಇಳಿಯತೊಡಗಿತು.

"ಹಿಂಗಾದ್ರೆ ಬರೋ ಸೋಮವಾರದ ತನಕ ಹಿಡಿತೈತಿ" ಎಂದರು ಶಿವಲಿಂಗಪ್ಪನವರು.

"ಸಮುದ್ರ ಅಲ್ವೇನ್ರಿ" ಎಂದೆ.

ಅವರು ಯಾರೋ ಕರೆದರೆಂದು ಹೊರಗೆ ಹೋದಾಗ ಗೌರಜ್ಜಿ ಮಂಚದ ಮೇಲಿಂದ ಮೆಲ್ಲಗೆ ಕೇಳಿದರು. "ತಮ್ಮಾ, ತಾಮ್ರ ಅಕಿಗೆ ಆಗಂಗಿಲ್ಲಂತೆ ಹೌದೇನು? ಮೊನ್ನೆ ಮಣ್ಣಾದ ಮ್ಯಾಲೆ ಮೊಮ್ಮಗಳು ಫೋನಿನಾಗೆ ಓದಿ ಹೇಳಿದ್ಲು."

ನಾನು ಪೈಪು ನೋಡುತ್ತಿದ್ದೆ. "ಹಂಗೆಲ್ಲ ಏನಿಲ್ಲ ಅಜ್ಜಿ" ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು.

"ನಾನೇ ಕೊಂದೆ. ಅದಕ್ಕೇ ಈ ತೊಟ್ಟಿ ಕಣ್ಣೆದುರಿಗೆ ಬ್ಯಾಡ ಅಂದಿದ್ದು. ಸಿಟ್ಟಿಗಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಒಂದು ಸಿಗಡಿಗಾಗಿ ಅಳುವವರನ್ನು ಕಂಡರೆ ನಗು ಬರಬೇಕು. ನನಗೆ ಬರಲಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಚಹಾ ತಂದ ನಿರ್ಮಲಕ್ಕ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡಿದ್ದರು. ಲೋಟ ಕೆಳಗಿಟ್ಟು, "ಅತ್ತಿ, ಆ ಕೊಡದ ನೀರು ಒಂದು ಹನಿನೂ ತೊಟ್ಟಿಗೆ ಹಾಕಿಲ್ಲ ನಾನು" ಎಂದರು.

"ನನ್ನ ಕಣ್ಣೆದುರಿಗೇ ಕೊಡ ತುಂಬಿ ತಂದಿಡ್ತಿದ್ದೆಲ್ಲ."

"ನೀವು ಕಣ್ಣು ಮುಚ್ಚಿ ಪೂಜಿಗೆ ಕುಂತಾಗ ತಗಂಡು ಹೋಗಿ ಮಲ್ಲಿಗಿ ಬಳ್ಳಿಗೆ ಹಾಕ್ತಿದ್ದೆ. ತೊಟ್ಟಿಗೆ ಕ್ಯಾನಿನ ನೀರು ಹಾಕ್ತಿದ್ದೆ. ಅಣ್ಣಾರು ಹಂಗಂತ ಹೇಳಿದ್ರು."

"ಮತ್ತೆ ಮೂರು ದಿನದಿಂದ ಯಾಕೆ ಬಾಯಿ ಬಿಡಲಿಲ್ಲ?"

"ನೀವು ಇದಕ್ಕೆ ಅಳ್ತಿದೀರಿ ಅಂತ ನನಗೇನು ಗೊತ್ತು ಅತ್ತಿ? ಹೇಳಿದ್ರೆ ಬೈತೀರಿ ಅಂತ ಸುಮ್ಮನಿದ್ದೆ."

ಗೌರಜ್ಜಿ ಸೊಸೆಯ ಕಡೆ ತಿರುಗಿ, "ಕಳ್ಳಿ" ಎಂದರು. ಅಷ್ಟು ಪ್ರೀತಿಯಿಂದ ಆ ಮಾತನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನನಗಂತೂ ಹೋದ ಜೀವ ಬಂದಂತಾಯಿತು. ತಾಮ್ರ ಬಿದ್ದಿಲ್ಲವೆಂದರೆ ಪೊರೆಯ ಆಸೆ ಇನ್ನೂ ಇದೆ. ಪೈಪು ಕಿತ್ತು ಬಕೆಟ್ಟಿಗೆ ಎಸೆದೆ. ಮೂರು ದಿನ ಅಡಗಿ ಕೂತದ್ದಾದರೆ ಹಸಿದಿರಲೇಬೇಕು ಎಂದು ಎರಡು ಗುಳಿಗೆ ನೆನೆಸಿ, ಕಡ್ಡಿಯ ತುದಿಯಿಂದ ಕಲ್ಲಿನ ಗುಹೆಯ ಬಾಯಿಗೆ ಇಟ್ಟೆ. ಮೂವರೂ ಗಾಜಿಗೆ ಮೂಗು ಒತ್ತಿ ನಿಂತೆವು. ಒಳಗೆ ಬಂದ ಶಿವಲಿಂಗಪ್ಪನವರು ಏನು ಎತ್ತ ಎಂದು ಕೇಳದೆ ತಾವೂ ಒತ್ತಿ ನಿಂತರು. ಏನೂ ಕಾಣಲಿಲ್ಲ. ಆಮೇಲೆ ಕತ್ತಲಿನಿಂದ ಒಂದು ಬಿಳಿ ಮೀಸೆ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಸಿದ್ದವ್ವ, ಮೊದಲಿಗಿಂತ ಒಂದು ಕೈ ಮಿಗಿಲಾದ ಕೆಂಪಿನಲ್ಲಿ ಮಿರಿಮಿರಿ ಮಿಂಚುತ್ತ ಹೊರಗೆ ಬಂದು ಗುಳಿಗೆಗೆ ಕೈ ಹಾಕಿತು.

ಗೌರಜ್ಜಿ ಗಾಜಿನ ಮೇಲೆ ಅಂಗೈ ಇಟ್ಟು, "ಎಲ್ಲಿಗೆ ಹೋಗಿದ್ದೆವ್ವ?" ಎಂದರು.

"ಮತ್ತೆ ನಾವು ಕೂರಿಸಿ ಹೂತಿದ್ದು ಏನ್ರಿ?" ಎಂದರು ಶಿವಲಿಂಗಪ್ಪನವರು.

"ಅವಳ ಹಳೇ ಅಂಗಿ" ಎಂದೆ.

"ಸೀರಿ ಅನ್ನು" ಎಂದು ಅಜ್ಜಿ ತಿದ್ದಿದರು. ಆಮೇಲೆ ಕಣ್ಣು ಕಿರಿದು ಮಾಡಿ ಇನ್ನಷ್ಟು ಬಗ್ಗಿ ನೋಡಿದರು. ನಾನೂ ನೋಡಿದೆ. ಸಿದ್ದವ್ವನ ಹೊಟ್ಟೆಯ ಕೆಳಗೆ ಹಸಿರು ಮೊಟ್ಟೆಗಳು ಗೊಂಚಲಾಗಿ ಅಂಟಿದ್ದವು. ಈ ಜಾತಿಯವು ಪೊರೆ ಕಳಚಿದ ಬೆನ್ನಿಗೇ ಮೊಟ್ಟೆ ಹೊರುವುದುಂಟು. ಜೊತೆಗಾರ ಇಲ್ಲದ ಮೊಟ್ಟೆ ಮರಿಯಾಗುವುದಿಲ್ಲ, ಕೆಲವೇ ದಿನಗಳಲ್ಲಿ ಉದುರಿಹೋಗುತ್ತವೆ. ಈ ಜ್ಞಾನವನ್ನು ನಾನು ನನ್ನ ಹತ್ತಿರವೇ ಇಟ್ಟುಕೊಂಡೆ. ಈ ಕೆಲಸಕ್ಕೆ ಬರುವವರು ಯಾವಾಗ ಸುಮ್ಮನಿರಬೇಕು ಎಂಬುದನ್ನೂ ಕಲಿಯಬೇಕು.

"ಬಸುರಿ ಅದಾಳೆ" ಎಂದರು ಗೌರಜ್ಜಿ. ಮೂರು ದಿನ ಉಪವಾಸ ಇದ್ದವರ ದನಿಯಂತಿರಲಿಲ್ಲ ಅದು. "ನಿರ್ಮಲಾ, ಒಂದು ಹಸಿರು ಕಣ ತಗಂಬಾ. ಹೋಳಿಗಿ ಹೆಂಗೂ ಆಗ್ಯಾವೆ. ಇವತ್ತೇ ಕುಬಸ ಮಾಡಿಬಿಡಾನ."

ಬಟ್ಟೆ ಅಂಗಡಿಯವರ ಮನೆ, ಸೀಮಂತದ ಹಸಿರು ರವಿಕೆ ಕಣಕ್ಕೇನು ಬರ? ನಿರ್ಮಲಕ್ಕ ಕಣ ತಂದು ತೊಟ್ಟಿಯ ಮುಚ್ಚಳದ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ನೀರಿಗೆ ಒಂದು ಚೂರೂ ಬೀಳದಂತೆ ನಾನು ಎರಡೂ ಕೈ ಅಡ್ಡ ಹಿಡಿದು ನಿಂತಿದ್ದೆ. ಹಾಲುತುಪ್ಪದ ಊಟಕ್ಕೆಂದು ಹಾಕಿದ್ದ ಎಲೆಗಳಿಗೆ ಕುಬಸದ ಊಟ ಬಡಿಸತೊಡಗಿದರು. ಶಿವಲಿಂಗಪ್ಪನವರು ಮಾತ್ರ ತೊಟ್ಟಿಯ ಮುಂದೆಯೇ ನಿಂತು ಲೆಕ್ಕ ಹಾಕುತ್ತಿದ್ದರು.

"ಅವ್ವಾ, ಇದ್ರಾಗೆ ಇನ್ನೊಂದು ಸಿಗಡಿನೇ ಇಲ್ಲಲ್ಲ. ಅಕಿ ಗಂಡ ಯಾರು?"

"ಹೆಣ್ಣುಮಕ್ಕಳ ವಿಷಯ ನಿನಗ್ಯಾಕೋ? ಊಟಕ್ಕೆ ಕೂಡು" ಎಂದರು ಗೌರಜ್ಜಿ.

ಅವರು ಕೂತರು. ಪಕ್ಕದ ಎಲೆಗೆ ನಾನೂ ಕೂತೆ.